ನವಿಲುತೀರ್ಥದ ಏರು, ನನ್ನ ಗಾಡಿಯ ಗಂಟಲು

ಫೆಬ್ರುವರಿ ೩, ಸೋಮವಾರ. ಸಂಜೆ

ಬೆಳಿಗ್ಗೆ ನನ್ನ ಪೆಟ್ರೋಲ್ ಸ್ಕೂಟರ್ ಗಾಡಿ ಒರೆಸಿದೆ. ಕನ್ನಡಿ ತಿಕ್ಕಿದೆ. ಎಂದಿನಂತೆ ಸವದತ್ತಿಗೆ ನಾಟಕದ ತಾಲೀಮಿಗೆ ಹೊರಟೆ. ಹಿಂದೆ ಅನ್ನಪೂರ್ಣಾ. ಅವಳಿಗೆ ರವಿಕೆ ಬಟ್ಟೆ ಒಯ್ದು ಜಂಪರ್ ಹೊಲಿಯಲು ಕೊಡುವುದಿತ್ತು.

ನವಿಲುತೀರ್ಥದ ಏರು. ಅರ್ಧಕ್ಕೆ ಬಂದಾಗ ಗಾಡಿ ಕೆಮ್ಮಿತು. ಏದುಸಿರು ಬಿಟ್ಟಿತು. ನಿಂತೇಬಿಟ್ಟಿತು! ಹಳೆಯ ಗಾಡಿ, ಇಬ್ಬರ ಭಾರ... ಒಪ್ಪಿದೆ. ಹೆಂಡತಿ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆಯತೊಡಗಿದಳು. ಅಷ್ಟಕ್ಕೇ ಪರದೆ ಬಿದ್ದಿದ್ದರೆ ಸಾಕಿತ್ತು.

ಆಗ ಬಂದ ಕಾಂತೇಶ. ನಮ್ಮ ನಾಟಕದ ಹೀರೋ. ಅಡಿಯಲ್ಲಿ ಹೊಸ ಕರೆಂಟ್ ಸ್ಕೂಟರ್. ಸದ್ದಿಲ್ಲ, ಹೊಗೆಯಿಲ್ಲ — ಹಾಲಿಗೆ ಬಂದ ಕಳ್ಳಬೆಕ್ಕಿನ ಹಾಗೆ ಪಕ್ಕಕ್ಕೆ ಬಂದು ನಿಂತ.

"ಕಾಕೂ, ಹತ್ರಿ. ಕಾಕಾ ನೂಕ್ಕೋತ ಬರ್ತಾರ."

ಹತ್ತಿದಳು! ಕೈಹಿಡಿದ ಗಂಡ ನಡುರಸ್ತೆಯಲ್ಲಿ, ಹೆಂಡತಿ ಪರರ ವಾಹನದಲ್ಲಿ!

ಅದನ್ನೂ ನುಂಗುತ್ತಿದ್ದೆ. ಆದರೆ ತಾಲೀಮಿನಲ್ಲಿ ಆ ಭಾಡ್ಯಾ ಮಾಡಿದ್ದೇನು? ಎಲ್ಲರ ನಡುವೆ ನಿಂತು ನನ್ನ ಖಳನಾಯಕನ ನಗೆ ನಕ್ಕ. "ಹಹ್ಹಹ್ಹಾ..." ನಡುನಡುವೆ ನನ್ನ ಗಾಡಿಯ ಕೆಮ್ಮು — "ಖೊ! ಖೊ! ಖೊ!" ಪೇಟಿ ಮಾಸ್ತರು ಹಾರ್ಮೋನಿಯಂ ಮೇಲೇ ಬಿದ್ದು ನಕ್ಕರು. ಅನ್ನಪೂರ್ಣಾ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ಹಿಡಿದಿದ್ದಳು, ಆದರೆ ಭುಜ ಅಲುಗಿದ್ದು ಕಂಡೆ.

ಇಪ್ಪತ್ತು ವರ್ಷದಿಂದ ಖಳನ ಪಾರ್ಟು. ಸಾಹುಕಾರ, ಗೌಡ, ದರೋಡೆಕೋರ. ಪ್ರತಿ ಆಟದ ಕೊನೆಯ ಸೀನಿನಲ್ಲೂ ಸೋಲು. ಬರೆದವನು ಹಾಗೆ ಬರೆದಿದ್ದಾನೆ ಎಂದು ಸೋತೆ. ಈ ಸೀನು ಮಾತ್ರ ನಾನು ಬರೆಯುತ್ತೇನೆ! ಅದೇ ಏರು. ಅನ್ನಪೂರ್ಣಾಳ ಕಣ್ಣೆದುರು. ಕಾಂತೇಶನನ್ನು ಹಿಂದೆ ಹಾಕಿ, ಮುಂದೆ ನನ್ನ ಗಾಡಿ!

ಫೆಬ್ರುವರಿ ೫, ಬುಧವಾರ

ಮುನವಳ್ಳಿ. ಶಟ್ಟೆಪ್ಪನ ಗ್ಯಾರೇಜು. ಬದಿಯ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಕರಿಯ ಡಬ್ಬಿ — ಏರ್ ಬಾಕ್ಸ್. ಅದರ ಬಾಯಿಗೆ ರಬ್ಬರ್ ನಳಿಕೆ. ಗಾಡಿ ಉಸಿರೆಳೆಯುವುದು ಇದರಿಂದಲೇ ಅಂತೆ. ಹೆಬ್ಬೆರಳು ತೂರಿಸಿ ನೋಡಿದೆ. ಬಿಗಿ!

"ಇಷ್ಟ ಸಣ್ಣ ಗಂಟಲ ಇಟಗೊಂಡು ಯಾವ ನಟ ಡೈಲಾಗ್ ಹೊಡದಾನೋ ಶಟ್ಟೆಪ್ಪಾ?"

"ಗಾಡಿ ನಾಟಕ ಮಾಡಂಗಿಲ್ಲ ಲಗಮಣ್ಣಾ. ಓಡ್ತೈತಿ."

"ಗಂಟಲ ದೊಡ್ಡದ ಮಾಡು!"

"ಮಾಡಬಹುದು. ಆದ್ರ ಬರೇ ಗಾಳಿಲೇ ಏನೂ ಆಗಂಗಿಲ್ಲ, ಅದರ ಜೋಡಿ —"

ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? ಮನೆಗೆ ಬಂದೆ. ಬೋರಿನ ಪೈಪಿನ ಕೆಲಸದಲ್ಲಿ ಉಳಿದ ಪಿವಿಸಿ ಎಲ್ಬೋ, ಮೊಣಕೈ ಹಾಗೆ ಬಾಗಿದ ತುಂಡು, ಇತ್ತು. ನಳಿಕೆ ಕಿತ್ತು ಅದನ್ನು ಕೂಡಿಸಿದೆ. ಒಳಗಿನ ಫಿಲ್ಟರನ್ನೂ ತೆಗೆದು ಬಿಸಾಕಿದೆ. ಉಸಿರಿಗೆ ಅಡ್ಡ ಬರುವವರು ಯಾರೂ ಬೇಡ! ಬಟನ್ ಒತ್ತಿದೆ. ಆಹಾ... ಏನು ಕಂಠ! ಹಿತ್ತಿಲ ಕೋಳಿಗಳು ಗೋಡೆ ಹಾರಿದವು.

ಅನ್ನಪೂರ್ಣಾ ಒಳಗಿನಿಂದ: "ಏನ್ರಿ ಅದು? ಹಿಟ್ಟಿನ ಗಿರಣಿ ಚಾಲೂ ಮಾಡೀರೇನು?"

ಇನ್ನೊಮ್ಮೆ ಆಕ್ಸಿಲರೇಟರ್ ತಿರುವಿದೆ. ಸಿಂಹ ಗರ್ಜಿಸುವಾಗ ನಡುವೆ ಮಾತಾಡಬಾರದು.

ಫೆಬ್ರುವರಿ ೬

ಒಬ್ಬನೇ ಏರಿಗೆ ಹೋದೆ. ಗರ್ಜನೆ ಉಂಟು, ಎಳೆತ ಇಲ್ಲ. ಮೊದಲಿಗಿಂತ ಕಡೆ! ಎಮ್ಮೆ ಮೇಯಿಸುವ ಮುದುಕಿ ಕಿವಿ ಮುಚ್ಚಿಕೊಂಡು, "ಕೂಗೂದು ಬಿಟ್ಟು ಓಡಸೋ ಯಪ್ಪಾ" ಅಂದಳು.

ತಳ್ಳಿಕೊಂಡು ಮತ್ತೆ ಮುನವಳ್ಳಿಗೆ. ಶಟ್ಟೆಪ್ಪ ಪ್ಲಗ್ ಬಿಚ್ಚಿ ಅಂಗೈಮೇಲೆ ಇಟ್ಟ. ಬೂದಿಯಂತೆ ಬಿಳಿ.

"ನೋಡ್ರಿ. ಗಾಳಿ ಹೊಟ್ಟಿತುಂಬ ಕೊಟ್ಟೀರಿ. ಪೆಟ್ರೋಲ್ ಮೊದಲಿನಷ್ಟ ಐತಿ. ಸಾರ ಇಲ್ದ ಬರೇ ಅನ್ನ ಉಂಡಂಗ. ಹಿಂಗ ಓಡಿಸಿದ್ರ ಇಂಜಿನ್ ಕಾದು ಹಿಡಕೋತೈತಿ."

"ಫಿಲ್ಟರ್?"

"ಅದನ್ನ ತಂದು ಹಾಕ್ರಿ ಮೊದಲ! ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸೋ ಧೂಳ ಎಲ್ಲಾ ಪಿಸ್ಟನ್ನಿಗೆ ಊಟಾ ಹಾಕವ್ರೇನು?"

ಬೈಸಿಕೊಂಡೆ. ದೊಡ್ಡ ಸಾಧನೆಯ ಮುಂದೆ ಇಂಥ ಅಪಮಾನ ಸಹಜ. ಫಿಲ್ಟರನ್ನು ತಿಪ್ಪೆಯಿಂದ ಹುಡುಕಿ ತಂದೆ. ಅನ್ನಪೂರ್ಣಾ ನೋಡಿ ಮುಖ ಆ ಕಡೆ ತಿರುಗಿಸಿದಳು. ನಗುತ್ತಿದ್ದಳೋ ಏನೋ. ನಗು, ನಗು...

ಫೆಬ್ರುವರಿ ೯, ಭಾನುವಾರ

ಶಟ್ಟೆಪ್ಪ ಕಾರ್ಬೊರೇಟರಿಗೆ ದೊಡ್ಡ ಜೆಟ್ ಹಾಕಿದ. ಈಗ ಗಾಳಿಗೆ ತಕ್ಕ ಪೆಟ್ರೋಲು. ತಿಪ್ಪೆಯಿಂದ ತಂದದ್ದು ಹರಿದಿತ್ತು, ಅದಕ್ಕೆ ಹೊಸ ಫಿಲ್ಟರು. ಏರ್ ಬಾಕ್ಸಿನ ಬಾಯಿ ಅಗಲ, ಎಲ್ಬೋ ಹಾಗೆಯೇ ಇದೆ. ಪ್ಲಗ್ಗಿನ ಬಣ್ಣ ಈಗ ಕಾಸಿದ ಚಹಾದಂತೆ — ಅದೇ ಸರಿಯಾದ ಬಣ್ಣವಂತೆ.

ಏರು ಹತ್ತಿತು! ನಿಲ್ಲಲಿಲ್ಲ, ಕೆಮ್ಮಲಿಲ್ಲ. ಮೇಲೆ ನಿಂತು ಡ್ಯಾಮಿನ ನೀರಿಗೆ ಕೇಳುವ ಹಾಗೆ ನಕ್ಕೆ. ಪೂರ್ತಿ ನಗೆ. ನಡುವೆ ಖೊ ಖೊ ಇಲ್ಲದ ನಗೆ.

ಒಂದು ಮಾತು ಹೇಳಿ ಕಳಿಸಿದ್ದ ಶಟ್ಟೆಪ್ಪ. "ಓಟದಾಗ ಇದ್ರ ಎಳೀತೈತಿ. ಏರಿನಾಗ ನಡುವ ನಿಲ್ಲಿಸಬ್ಯಾಡ್ರಿ. ಕೆಳಗಿನ ಜೋರು, ಅಂದ್ರ ನಿಂತು ಹೊರಡೂ ಜೋರು, ಕಮ್ಮಿ ಆಗೇತಿ, ನಿಂತ್ರ ಮತ್ತ ಏಳೂದು ಕಷ್ಟ."

ನಿಲ್ಲುವುದೇ? ನಾನೇ?

ಫೆಬ್ರುವರಿ ೧೪

ತಾಲೀಮು. ಕಾಂತೇಶ: "ಕಾಕಾ, ಗಾಡಿ ನೆಗಡಿ ಹೋತೇನ್ರಿ?"

ಮುಗುಳ್ನಕ್ಕೆ. ಅಷ್ಟೇ. ಖಳನು ಮುಗುಳ್ನಕ್ಕರೆ ಪ್ರೇಕ್ಷಕರಿಗೆ ಗೊತ್ತಾಗುತ್ತದೆ. ಆ ಮೂಢನಿಗೆ ಗೊತ್ತಾಗಲಿಲ್ಲ.

ನಾಡಿದ್ದು ಸವದತ್ತಿಯಲ್ಲಿ ಆಟ. ಮೇಳವೆಲ್ಲ ಟೆಂಪೋದಲ್ಲಿ ಏರಿನ ಮೇಲೆ ಚಹಾಕ್ಕೆ ನಿಲ್ಲುತ್ತದೆ. ಸಾಕ್ಷಿಗಳು ಸಿದ್ಧ!

ಫೆಬ್ರುವರಿ ೧೬, ಭಾನುವಾರ. ಬಣ್ಣ ಹಚ್ಚುವ ಮುಂಚೆ

ಗೆದ್ದೆ. ಗೆದ್ದೆ. ಗೆದ್ದೆ!

ನಡೆದಂತೆ ಬರೆಯುತ್ತೇನೆ. ಅನ್ನಪೂರ್ಣಾಗೆ "ಬಾ, ಕೂಡು" ಅಂದೆ. "ಈ ಗದ್ದಲದ ಮ್ಯಾಲ ನಾ ಕೂಡಂಗಿಲ್ಲ. ಓಣಿ ತುಂಬ ನಗ್ತಾರ. ಕಾಂತೇಶ ಬರ್ತಾನ, ಅವನ ಜೋಡಿ ಬರ್ತೇನಿ" ಅಂದಳು. ಎದೆಗೆ ಭಲ್ಲೆ! ಆದರೆ ಮರುಕ್ಷಣ ಹೊಳೆಯಿತು — ಒಳ್ಳೆಯದೇ ಆಯಿತು. ಅವನ ಹಿಂದೆ ಕೂತು ನನ್ನ ಬೆನ್ನು ನೋಡಲಿ.

ಏರಿನ ಬುಡದಲ್ಲಿ ಅವರು ಮುಂದೆ. ನಾನು ದೂರದಿಂದಲೇ ಆಕ್ಸಿಲರೇಟರ್ ತಿರುವಿ ಓಟ ಹಿಡಿದೆ. ಗಾಡಿ ಗುಡುಗಿತು. ಅರ್ಧ ಏರು. ಕರೆಂಟ್ ಸ್ಕೂಟರು ಯಾಕೋ ಆಮೆ! ಕಾಂತೇಶ ಕೂಗಿದ, "ಕಾಕಾ, ನಿನ್ನೆಲ್ಲಾ ಕರೆಂಟ್ ಇರಲಿಲ್ಲ, ಚಾರ್ಜ ಮುಗೀತು..." ಇಂಥ ನೆಪ ಎಷ್ಟು ಕೇಳಿಲ್ಲ! ಪಕ್ಕದಲ್ಲೇ ಹಾದೆ. ಅವನ ಮುಖದ ಮೇಲೆ ನನ್ನ ಹೊಗೆ. ನಕ್ಕೆ — ಇಪ್ಪತ್ತು ವರ್ಷದ ನಗೆ.

ಕನ್ನಡಿಯಲ್ಲಿ ಕಂಡಿತು. ಅನ್ನಪೂರ್ಣಾ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೈ ಎತ್ತಿದಳು. ನನಗೇ.

ನಿಲ್ಲಿಸಿದ್ದರೆ ಮತ್ತೆ ಏಳುತ್ತಿರಲಿಲ್ಲ. ಶಟ್ಟೆಪ್ಪನೇ ಹೇಳಿದ್ದಾನೆ. ಕೆಳಗಿನ ಜೋರು ಕಮ್ಮಿ. ಇಬ್ಬರೂ ನಡುವೆ ಸಿಕ್ಕಿಬೀಳುತ್ತಿದ್ದೆವು. ಅದಕ್ಕೇ ನಿಲ್ಲಿಸಲಿಲ್ಲ. ಅದಕ್ಕೇ.

ಮೇಲೆ ಟೆಂಪೋದವರು ಚಪ್ಪಾಳೆ ಹೊಡೆದರು. ಪೇಟಿ ಮಾಸ್ತರು ಚಹಾ ಕುಡಿಸಿದರು. ನನ್ನ ಚಹಾ ಮುಗಿದು ಬಹಳ ಹೊತ್ತಿನ ಮೇಲೆ ಅವಳು ಬಂದಳು. ಕಾಲಿಗೆ ಕೆಂಪು ಧೂಳು. ಹಿಂದೆ ಕಾಂತೇಶ, ಗಾಡಿ ನೂಕುತ್ತ. ನನ್ನ ಮುಂದೆಯೇ ಹಾದಳು. ಬೈಯಲಿಲ್ಲ. ಬೈದಿದ್ದರೆ ನನ್ನ ಬಳಿ ಉತ್ತರ ತಯಾರಿತ್ತು.

ಬಣ್ಣಕ್ಕೆ ಕರೆಯುತ್ತಿದ್ದಾರೆ.

ಫೆಬ್ರುವರಿ ೨೩

ಮಾತಿಲ್ಲ. ಊಟ ಇದೆ, ಮಾತಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರು. ಇದು ಸೇಡು. ನಾನು ಗುರುತಿಸಬಲ್ಲೆ, ಅದೇ ನನ್ನ ಕಸುಬು.

ಈಗೀಗ ಮಧ್ಯಾಹ್ನ ಬಸ್ಸಿಗೆ ಮುನವಳ್ಳಿಗೆ ಹೋಗುತ್ತಾಳೆ. "ಜಂಪರ್" ಅನ್ನುತ್ತಾಳೆ. ಎಷ್ಟು ಜಂಪರ್?

ಮಾರ್ಚ್ ೨

ಇವತ್ತು ನಾನೇ ಸೋತು ಕೇಳಿದೆ. "ಸವದತ್ತಿಗೆ ಹೊಂಟೇನಿ. ಕೂಡ್ತೀ ಏನು? ಮೆಲ್ಲಕ ಹೊಡೀತೇನಿ."

"ಬಸ್ಸು ಬರ್ತೈತಿ."

ಎರಡೇ ಮಾತು. ಗಾಡಿ ಏರನ್ನು ಹೂವಿನಂತೆ ಹತ್ತಿತು. ಹಿಂದಿನ ಸೀಟು ಖಾಲಿ. ಎಲ್ಲಿಯೂ ನಗಲಿಲ್ಲ. ಮೇಲೆ ಕಾಂತೇಶ ಸಿಕ್ಕ. ಹಲ್ಲು ಕಿರಿದು, "ಕಾಕಾ, ಕಾಕೂಂದು ಬ್ಯಾಲೆನ್ಸ್ ಭಾರಿ ಐತ್ರಿ" ಅಂದ. ಏನು ಬ್ಯಾಲೆನ್ಸು? ಇವನ ಮಾತಿಗೆ ತಲೆಬಾಲ ಇಲ್ಲ.

ಮಾರ್ಚ್ ೯, ಭಾನುವಾರ. ಬೆಳಿಗ್ಗೆ

ಈಗ ತಾನೇ. ನಡೆದದ್ದು ಆರುವ ಮುಂಚೆ ಬರೆಯುತ್ತೇನೆ.

ಚಹಾ ಕುಡಿಯುತ್ತಿದ್ದೆ. ಅಂಗಳದಲ್ಲಿ ಗರ್ಜನೆ. ನನ್ನ ಗಾಡಿಯದೇ! ಕಳ್ಳ ಎಂದು ಓಡಿದೆ. ಕಳ್ಳನಲ್ಲ. ಅನ್ನಪೂರ್ಣಾ. ಸೀಟಿನ ಮೇಲೆ, ಸೆರಗು ಸೊಂಟಕ್ಕೆ ಬಿಗಿದು, ಎರಡೂ ಕೈ ಹ್ಯಾಂಡಲ್ ಮೇಲೆ.

"ನಿನಗ ಬರ್ತೈತೇನು?"

"ಕಾಂತೇಶ ಕಲಿಸ್ಯಾನ. ಮುನವಳ್ಳಿ ಸಾಲಿ ಮೈದಾನದಾಗ."

ಕಾಂತೇಶ! ಹಲ್ಲು ಕಡಿದೆ. ಅವಳು ಹೆದರಲಿಲ್ಲ.

"ಆ ಏರು ಎರಡ ಸಲ ನಡದೇನಿ. ಒಂದ ಸಲ ನಿಮ್ಮ ಗಾಡಿ ದೆಸಿಂದ. ಒಂದ ಸಲ ನಿಮ್ಮ ದೆಸಿಂದ. ಇನ್ನ ನಡಿಯಂಗಿಲ್ಲ. ಸವದತ್ತಿಗೆ ಹೊಂಟೇನಿ. ಬರೂದಿದ್ರ ಹಿಂದ ಕೂಡ್ರಿ."

ಹಿಂದೆ! ನಾನು! ಟೆಂಪೋದವರು ನೋಡಿದರೆ? ಪೇಟಿ ಮಾಸ್ತರು? ಅಂಗಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಬಂದವನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹಾರ್ನ್ ಹೊಡೆಯುತ್ತಾಳೆ. ಇಂಥ ಸೀನು ಯಾವ ಆಟದಲ್ಲೂ ಮಾಡಿಲ್ಲ. ಎಲ್ಲಿ ನಿಲ್ಲಬೇಕು, ಏನು ಅನ್ನಬೇಕು...

ಏರಿನ ನಡುವೆ ನಿಲ್ಲಿಸಬಾರದು ಎಂದು ಅವಳಿಗೆ ಹೇಳಿಲ್ಲ. ಹೇಳಬೇಕು. ಅಥವಾ ಹೇಳಬಾರದು — ನಿಲ್ಲಲಿ, ನೂಕಲಿ, ಗೊತ್ತಾಗಲಿ!

ಮತ್ತೆ ಹಾರ್ನು. ಗೇರ್ ಇಲ್ಲದ ಗಾಡಿ, ತಿರುವಿದರೆ ಸಾಕು... ಹೊರಟಳು! ಸದ್ದು ಓಣಿ ದಾಟುತ್ತಿದೆ. ತಡಿ, ತಡಿಯೇ, ಬಂದೆ, ಅನ್ನಪೂ