ಚೀಟಿ ಇಲ್ಲದ ಬಾಟಲಿ

ಜೂನ್ 11, ಮಂಗಳವಾರ. ಬೆಳಿಗ್ಗೆ 10.40

ಆಸಿಡ್ ರೂಮು. ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಪೆನ್ನು. ಎಡಗಡೆ ಆಯಿತು. ಬಲಗಡೆ ಬರುತ್ತಿಲ್ಲ. ಬಾಗಿಲಿಗೆ ಚಿಲಕವಿಲ್ಲ — ಸ್ಟೂಲು ಅಡ್ಡ ಇಟ್ಟು, ಅದಕ್ಕೆ ಕಾಲು ಒತ್ತಿ ಕೂತಿದ್ದೇನೆ.

ಹೆರಿಗೆ ರಜೆ ಮುಗಿಸಿ ಡೇರಿಗೆ ಬಂದು ಇದು ಎರಡನೇ ವಾರ. ಮೊದಲ ವಾರ ಟಾಯ್ಲೆಟ್ಟಿನಲ್ಲಿ ಎದೆಹಾಲು ತೆಗೆದೆ. ಅಲ್ಲಿ ಕೂತು ಯಾರಾದರೂ ಊಟ ಮಾಡುತ್ತಾರೆಯೇ? ನನ್ನ ಮಗಳ ಊಟ ಮಾತ್ರ ಅಲ್ಲಿ ತಯಾರಾಗಬೇಕು. ಈಗ ಫ್ಯಾಟ್ ಟೆಸ್ಟಿಗೆ ತರಿಸುವ ಸಲ್ಫ್ಯೂರಿಕ್ ಆಸಿಡ್ ಕ್ಯಾನುಗಳ ನಡುವೆ. ಬಡ್ತಿ ಎಂದುಕೊಳ್ಳಬೇಕು.

ಗೋಡೆಯ ಮೇಲೆ ರೈತರಿಗೆ ಹಂಚಿ ಉಳಿದ ಪೋಸ್ಟರು. ‘ಹಾಲು ಕರೆಯುವ ಜಾಗ ಶುಚಿಯಾಗಿರಲಿ. ಹಸುವಿನ ಸುತ್ತ ಗದ್ದಲ ಬೇಡ. ಹೆದರಿದ ಹಸು ಹಾಲು ಇಳಿಸುವುದಿಲ್ಲ.’ ಆ ಮಾತು ಬರೆದುಕೊಟ್ಟವಳು ನಾನೇ, ಲ್ಯಾಬಿಗೆ ಸೇರಿದ ಹೊಸದರಲ್ಲಿ. ಹೊಳಲ್ಕೆರೆ, ಹೊಸದುರ್ಗದ ಎಷ್ಟೋ ಕೊಟ್ಟಿಗೆಗಳಲ್ಲಿ ಇನ್ನೂ ಅಂಟಿಕೊಂಡಿದೆ. ಹಸುಗಳ ಪುಣ್ಯ.

ಬಾಗಿಲು ಬಡಿತ. ಮಾರುತಿ — ನನ್ನ ಜೊತೆಯ ಟೆಸ್ಟರ್.

“ಮೇಡಂ, ಆಸಿಡ್ ಬೇಕಾಗಿತ್ರಿ.”

“ಹತ್ತು ನಿಮಿಷ ಮಾರುತಿ.”

“ಗಾಡಿ ನಿಂತಾವ್ರಿ… ಡ್ರೈವರ್ ಬೈಯಾಕತ್ಯಾನೆ.”

ಬಲಗಡೆ ಪೂರ್ತಿ ನಿಂತೇಹೋಯಿತು.

ಜೂನ್ 12, ಬುಧವಾರ

ಮ್ಯಾನೇಜರ್ ನಾಗರಾಜಪ್ಪನವರನ್ನು ಕೇಳಿದೆ. ಒಂದು ರೂಮು, ಒಂದು ಚಿಲಕ, ದಿನಕ್ಕೆ ಎರಡು ಸಲ ಸ್ವಲ್ಪ ಹೊತ್ತು. ಅವರು ಪಾಪ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು.

“ನನಗೂ ಇಬ್ರು ಹೆಣ್ಮಕ್ಕಳು ಅದಾರಮ್ಮ. ನಮ್ಮನೆಯಾಕಿ ಯಾವತ್ತೂ ಇಂಥ ಮಿಷನ್ ಕಂಡಾಕಿ ಅಲ್ಲ.”

“ಅವರು ಕೆಲಸಕ್ಕೆ ಹೋಗ್ತಿದ್ರಾ ಸಾರ್?”

“ಅದೇ ಮತ್ತೆ,” ಎಂದರು. ಗೆದ್ದವರಂತೆ.

1961ರ ಕಾಯ್ದೆ ಹೇಳಿದೆ. ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಬಿಡುವು, ಊಟದ ವಿರಾಮ ಬಿಟ್ಟು. ನಮ್ಮಮ್ಮ ಹುಟ್ಟುವ ಮೊದಲೇ ಬಂದ ಕಾಯ್ದೆ. “ಅದು ಕೂಸು ಹತ್ರ ಇದ್ರೆ ಅಲ್ಲೇನಮ್ಮ? ಮಿಷನ್ನಿಗೆ ಅಂತ ಬರ್ದೈತಾ?” — ವಕೀಲರಾಗಬೇಕಿತ್ತು ಈ ಮನುಷ್ಯ.

ನನಗೆ ಮರೆವು ಕಡಿಮೆ. ಅಮ್ಮ ಚಿಕ್ಕಜಾಜೂರಿನಲ್ಲಿ ಟೀಚರ್ ಆಗಿದ್ದಾಗ ನನ್ನ ತಮ್ಮ ಮೂರು ತಿಂಗಳ ಕೂಸು. ಬಿಡುವಿನಲ್ಲಿ ಚಿಕ್ಕಮ್ಮ ಅವನನ್ನು ಎತ್ತಿಕೊಂಡು ಶಾಲೆಗೆ ಬರುತ್ತಿದ್ದಳು. ಹೆಡ್‌ಮಾಸ್ತರು ತಮ್ಮ ಕೋಣೆಯಿಂದ ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಪೇಪರ್ ಓದುತ್ತ ನಿಲ್ಲುತ್ತಿದ್ದರು. ಕಾಯ್ದೆ ಗೊತ್ತಿತ್ತೋ ಇಲ್ಲವೋ. ಎದ್ದು ಹೋಗುವುದು ಗೊತ್ತಿತ್ತು.

ಜೂನ್ 14, ಶುಕ್ರವಾರ

ಚಿತ್ರದುರ್ಗದ ಹೆಡ್ ಆಫೀಸಿಗೆ ಫೋನು. ಎಚ್‌ಆರ್‌ನ ಸುಚಿತ್ರಾ, ಚಿಕ್ಕ ಹುಡುಗಿ. “ಮೇಡಂ, ಪಾಲಿಸಿ ಇದೆಯಲ್ಲ! ಪಿಡಿಎಫ್ ಕಳಿಸ್ತೀನಿ.” ಕಳಿಸಿದಳು. ಮೊದಲ ಪುಟದಲ್ಲಿ ನಗುವ ತಾಯಿ, ನಗುವ ಮಗು. ಇಬ್ಬರೂ ಫಾರಿನ್ನವರು. ರೂಮಿನ ವಿಷಯಕ್ಕೆ — ‘ಸ್ಥಳೀಯ ಘಟಕದ ಅನುಕೂಲಕ್ಕೆ ತಕ್ಕಂತೆ.’

ಸ್ಥಳೀಯ ಘಟಕ ಎಂದರೆ ನಾಗರಾಜಪ್ಪ.

ಜೂನ್ 16, ಭಾನುವಾರ

ಹಾಲು ಕಡಿಮೆಯಾಗುತ್ತಿದೆ. ಊಹೆಯಲ್ಲ, ಕಣ್ಣಿಗೇ ಕಾಣುತ್ತದೆ. ತೆಗೆಯಬೇಕಾದ ಹೊತ್ತಿಗೆ ತೆಗೆಯದಿದ್ದರೆ ಮೈ ಲೆಕ್ಕ ಹಾಕಿಕೊಳ್ಳುತ್ತದೆ — ಇಷ್ಟು ಬೇಡವಂತೆ, ಎಂದು. ಹಸುವಿನ ವಿಷಯದಲ್ಲಿ ರೈತರಿಗೆ ಇದನ್ನೇ ಪಾಠ ಮಾಡಿದ್ದೇನೆ.

ಅತ್ತೆ ಪಾರ್ವತಮ್ಮ ಬಾಟಲಿ ಮುಟ್ಟುವುದಿಲ್ಲ. ನಾನು ತಂದ ಹಾಲನ್ನು ಬೆಳ್ಳಿ ಒಳಲೆಗೆ ಸುರಿದು, ತುದಿಯ ಮೂತಿಯಿಂದ ಪುಟ್ಟಿಯ ಬಾಯಿಗೆ ಹನಿಹನಿಯಾಗಿ ಬಿಡುತ್ತಾರೆ. ಒಂದು ತೊಟ್ಟು ಚೆಲ್ಲುವುದಿಲ್ಲ. ಮಧ್ಯಾಹ್ನಕ್ಕೇ ಖಾಲಿಯಂತೆ. ಆಮೇಲೆ ನಾನು ಬರುವ ತನಕ ಅಳು.

“ಹಸೀನ ಹಾಲಿಗೆ ನೀರು ಬೆರೆಸಿ ಕುಡಿಸಾನ ಕಣೇ ಸುಮಾ.”

“ಆರು ತಿಂಗಳು ತುಂಬಲಿ ಅತ್ತೆ. ಡಾಕ್ಟ್ರು ಹೇಳಿದಾರೆ.”

“ಡೇರೀಗೆ ಸೊಸೆ ಕಳ್ಸಿ ಮನ್ಯಾಗೆ ಹಾಲಿಗೆ ಬರ. ಯಾರಿಗಾದ್ರೂ ಹೇಳಿದ್ರೆ ನಗ್ತಾರೆ.” ತಾವೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಗಂಡ ಬಸವೇಶ್ ರೈಲ್ವೆಯಲ್ಲಿ. ನೈಟ್ ಡ್ಯೂಟಿ. “ಒಂದು ವರ್ಷ ಬಿಟ್ಟುಬಿಡು ಕೆಲಸ,” ಎಂದ. ಒಂದು ವರ್ಷ ಬಿಟ್ಟರೆ ಈ ತಾಲೂಕಿನಲ್ಲಿ ಇನ್ನೊಂದು ಲ್ಯಾಬ್ ತೋರಿಸಲಿ.

ಜೂನ್ 19, ಬುಧವಾರ. ಸಂಜೆ

ಬಾಟಲಿಗಳ ಚೀಲವನ್ನು ಅಡುಗೆಮನೆ ಕಟ್ಟೆಯ ಮೇಲೇ ಬಿಟ್ಟುಹೋಗಿದ್ದೆ. ಲ್ಯಾಬಿನ ಹೊಸ ಸ್ಯಾಂಪಲ್ ಬಾಟಲಿ ಒಂದನ್ನು ಕುದಿಸಿ, ಅದಕ್ಕೇ ತುಂಬಿದೆ. ಫ್ರಿಜ್ಜಿನಲ್ಲಿ ಹಿಂದೆ ತಳ್ಳಿ ಇಟ್ಟೆ. ಚೀಟಿ ಅಂಟಿಸಲಿಲ್ಲ. ಏನೆಂದು ಬರೆಯಲಿ?

ಟ್ಯಾಂಕರ್ ಬಂತು, ಗಡಿಬಿಡಿ. ಮರೆತು ಮನೆಗೆ ಬಂದೆ. ಇರಲಿ, ಫ್ರಿಜ್ಜಿನಲ್ಲಿ ಕೆಡುವುದಿಲ್ಲ. ನಾಳೆ ತರುತ್ತೇನೆ.

ಜೂನ್ 20, ಗುರುವಾರ

ಬಾಟಲಿ ಇಲ್ಲ.

“ಹಿಂದ್ಗಡೆ ಇತ್ತಲ್ರಿ, ಅದಾ?” ಎಂದ ಮಾರುತಿ. “ಅದು ಕಾಳಕ್ಕನ ಹಾಲಿನ ಸೆಂಟರಿಂದು ಮೇಡಂ. ನಿನ್ನೆ ಟೆಸ್ಟ್ ಮಾಡ್ದೆ.”

ಒಂದೊಂದು ಹಳ್ಳಿಯ ಹಾಲಿನಿಂದ ಒಂದೊಂದು ಬಾಟಲಿ ತೆಗೆದು ಸಾಲಾಗಿ ಇಡುತ್ತೇವೆ, ಸಂಜೆ ಇನ್ನೊಮ್ಮೆ ನೋಡಲು. ಫ್ರಿಜ್ಜಿನ ತೇವಕ್ಕೆ ಚೀಟಿ ಬಿಚ್ಚಿಕೊಳ್ಳುವುದು ದಿನದ ಪಾಡು. ಚೀಟಿ ಇಲ್ಲದ ಬಾಟಲಿ ಸಿಕ್ಕರೆ, ಸಾಲಿನಲ್ಲಿ ಯಾವ ಜಾಗ ಖಾಲಿಯೋ ಅದು ಆ ಹಳ್ಳಿಯದು. ನಾವೆಲ್ಲ ಮಾಡುವುದೇ ಹಾಗೆ. ನಾನೂ ಮಾಡಿದ್ದೇನೆ. ನಿನ್ನೆ ಕಾಳಕ್ಕನ ಹಟ್ಟಿಯ ಜಾಗ ಖಾಲಿ ಇತ್ತು. ಅವರ ಬಾಟಲಿ ಬೆಳಿಗ್ಗೆಯೇ ತಪ್ಪಿ ತೊಳೆಯುವ ಬುಟ್ಟಿಗೆ ಬಿದ್ದಿತ್ತು.

“ಫ್ಯಾಟ್ ಸರಿ ಐತ್ರಿ. ಪ್ರೋಟೀನ್ ಇಲ್ಲವೇ ಇಲ್ಲ. ಸಿಹಿ ನೋಡಿದ್ರೆ ಸಿಕ್ಕಾಪಟ್ಟೆ. ನೀರು ಹುಯ್ದು, ಗೊತ್ತಾಗಬಾರ್ದು ಅಂತ ಸಕ್ಕರೆ ಹಾಕ್ಯಾರೆ. ಸಾರಿಗೆ ಹೇಳ್ದೆ. ಇವತ್ತಿಂದ ಅವರ ಹಾಲು ಬಂದ್.”

ತಾಯಿಹಾಲು ಹಾಗೇ ಇರುತ್ತದೆ. ಪ್ರೋಟೀನ್ ಕಡಿಮೆ, ಸಿಹಿ ಜಾಸ್ತಿ. ಹೊರಗಿನ ಸಕ್ಕರೆ ಹೌದೋ ಅಲ್ಲವೋ ಎಂದು ತಿಳಿಯಲು ಬೇರೆಯೇ ಪರೀಕ್ಷೆ ಇದೆ, ಮಾಡಿಲ್ಲ. ಹಾಲು ಪರೀಕ್ಷಿಸುವ ಮಿಷನ್ ಹೇಳಿತು, ಮುಗಿಯಿತು.

ಹೇಳಬೇಕಿತ್ತು. ಆಗಲೇ. ಬಾಯಿ ತೆರೆದೆ. “ಹೌದಾ,” ಎಂದೆ. ಅಷ್ಟೇ.

ಹೇಳಿದರೆ ಆಸಿಡ್ ರೂಮೂ ಇಲ್ಲ, ಫ್ರಿಜ್ಜೂ ಇಲ್ಲ. ಇನ್ನೊಂದು ವಾರದಲ್ಲಿ ಹಾಲೂ ಇರುವುದಿಲ್ಲ.

ಜೂನ್ 24, ಸೋಮವಾರ

ಮೂರು ದಿನ ಬರೆಯಲಿಲ್ಲ. ಕಾಯ್ದೆ, ನ್ಯಾಯ ಎಂದು ಬರೆದ ಪುಟಗಳನ್ನು ನೋಡಲು ಮನಸ್ಸಾಗಲಿಲ್ಲ.

ಇವತ್ತು ಕಾಳಕ್ಕ ಬಂದಳು. ಹೊಸದುರ್ಗ ರಸ್ತೆಯ ಹಟ್ಟಿಯಲ್ಲಿ ಹೆಂಗಸರ ಹಾಲನ್ನೆಲ್ಲ ಕೂಡಿಸಿ ನಮಗೆ ಕಳಿಸುವವಳು. ಗೇಟಿನ ಹತ್ತಿರ ಅವಳ ದನಿ ಲ್ಯಾಬಿನ ಒಳಗಿನ ತನಕ.

“ನಮ್ ಹಾಲ್ನಾಗೆ ಸಕ್ಕರೆನಾ? ಲೇ, ನಾವು ಟೀಗೇ ಬೆಲ್ಲ ಹಾಕ್ಕಂಡು ಕುಡಿಯೋರು! ಸಕ್ಕರೆ ತಂದು ನಿಮ್ ಡೇರೀಗೆ ಸುರೀತೀವಾ? ನಾಗರಾಜಪ್ಪಾರೇ, ಹೊರಗ್ ಬರ್ರಿ! ಹಟ್ಟ್ಯಾಗೆ ನನ್ನ ಕಳ್ಳಿ ಅಂತಾವ್ರೆ. ನಾನೇ ದಾರ್ಯಾಗೆ ಬೆರೆಸಿದೆ ಅಂತ!”

ವಾಚ್‌ಮನ್ ಗೇಟು ತೆಗೆಯಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಮಧ್ಯಾಹ್ನ ನಾನು ಪಂಪು ಹಿಡಿದು ಕೂತರೆ ಒಂದು ಹನಿ ಬರಲಿಲ್ಲ. ಬರದಿದ್ದದ್ದೇ ಸರಿ.

ಜೂನ್ 25, ಮಂಗಳವಾರ

ಹೇಳಿದೆ. ನಾಗರಾಜಪ್ಪ ಲೋಡಿಂಗ್ ಕಟ್ಟೆಯ ಮೇಲೆ ನಿಂತಿದ್ದರು, ಮಾರುತಿಯೂ ಇದ್ದ.

“ಆ ಹಾಲು ಕಾಳಕ್ಕಂದಲ್ಲ ಸಾರ್. ನಂದು.”

“ನೀವೂ ಹಸ ಕಟ್ಟೀರೇನಮ್ಮ?”

“ಹಸ ಇಲ್ಲ ಸಾರ್. ನನ್ನದೇ. ಮಗುವಿಗೆ ತೆಗೆದಿಟ್ಟಿದ್ದು.”

ನಾಗರಾಜಪ್ಪ ಟ್ಯಾಂಕರಿನ ಚಕ್ರ ನೋಡಿದರು. ಮಾರುತಿ ತನ್ನ ಕೈ ನೋಡಿಕೊಂಡ — ಬಾಟಲಿ ಹಿಡಿದ ಕೈ. ಆಮೇಲೆ ಪ್ಯಾಂಟಿಗೆ ಒರೆಸಿಕೊಂಡ! ದಿನವೂ ನೂರು ಹಸುಗಳ ಹಾಲು ಮುಟ್ಟುವ ಕೈ ಅದು.

“ಇದನ್ನೆಲ್ಲ ಯಾರಿಗೂ ಹೇಳಕ್ ಹೋಗ್ಬ್ಯಾಡ್ರಿ,” ಎಂದರು ನಾಗರಾಜಪ್ಪ, ಪಿಸುದನಿಯಲ್ಲಿ. “ಮಿಷನ್ ಕೆಟ್ಟಿತ್ತು ಅಂತ ಹೇಳಿ ನಾಳೆಯಿಂದ ಅವರ ಹಾಲು ತಗಳಾಣ. ಡೇರಿ ಮಾನದ ಪ್ರಶ್ನೆ.”

ಡೇರಿಯ ಮಾನ. ಕಾಳಕ್ಕನ ಮಾನ ಹೋದದ್ದು ಮಾತ್ರ ಮಿಷನ್ನಿನ ಲೆಕ್ಕಕ್ಕೆ.

ಕಾಳಕ್ಕ ಇವತ್ತೂ ಬಂದು ಕೂತಿದ್ದ ಗೇಟಿಗೆ ನಾನೇ ಹೋದೆ. ಎಲ್ಲ ಹೇಳಿದೆ. ಕಾಳಕ್ಕ ತೊಡೆಗೆ ಹೊಡೆದುಕೊಂಡು ನಕ್ಕಳು. “ಅಯ್ ನಮ್ಮವ್ವಾ! ಮಿಷನ್ ನಿನ್ನ ಹಿಡ್ಕಂಡು ನನ್ನ ಜೈಲಿಗೆ ಹಾಕ್ತಲ್ಲೇ!” ನಗು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು. “ಗುರುವಾರ ಗೊತ್ತಾಗೈತೆ. ಇವತ್ತು ಮಂಗಳವಾರ. ಇಷ್ಟು ದಿನ ಬಾಯಾಗೆ ಏನಿಟ್ಕಂಡಿದ್ದೆ?”

ರೂಮಿನ ಕಥೆ ಹೇಳಿದೆ. ಅವಳು ಕರಗಲಿಲ್ಲ.

“ನಿನ್ ಕಷ್ಟ ನಿಂದು, ಸರಿ. ಭಾನುವಾರ ಹಟ್ಟಿಗೆ ಬಾ. ಅಲ್ಲಿ ಎಲ್ಲರ ಮುಂದೆ ಹೇಳು. ಮಿಷನ್ ಕೆಟ್ಟಿತ್ತು ಅಂದ್ರೆ ಯಾರು ನಂಬ್ತಾರೆ?”

ಜೂನ್ 30, ಭಾನುವಾರ

ಹೋದೆ. ಪುಟ್ಟಿಯನ್ನೂ ಕರೆದುಕೊಂಡು. ಅತ್ತೆ ತಾವಾಗಿ ಜೊತೆಗೆ ಬಂದರು — “ಒಬ್ಬಳೇ ಬೈಸ್ಕಂಬಕ್ಕೆ ಹೋಗ್ತೀಯಾ?”

ಹಾಲಿನ ಕಟ್ಟೆಯ ಸುತ್ತ ಹೆಂಗಸರು. ನಿಂತು ಹೇಳಿದೆ. ಕೊನೆಗೆ ಹಿಂದಿನಿಂದ ಒಬ್ಬಳು —

“ಅಕ್ಕಾ, ಫ್ಯಾಟ್ ಎಷ್ಟ್ ಬಂತು?”

“ಮೂರು ಒಂಬತ್ತು.”

“ನಮ್ ಸೀಮೆಹಸಕ್ಕಿಂತ ವಾಸಿ ಐತಲ್ರೇ!”

ಹಟ್ಟಿಯೇ ನಕ್ಕಿತು. ಆದರೆ ಒಬ್ಬಾಕೆ ನಗಲಿಲ್ಲ. ಅವಳ ಗಂಡ ಆ ದಿನಗಳಲ್ಲಿ ಕಾಳಕ್ಕನ ಮನೆ ಬಾಗಿಲಿಗೆ ಹೋಗಿ ಕೂಗಾಡಿದ್ದನಂತೆ. ಅವಳು ಎದ್ದು ಕಾಳಕ್ಕನ ಪಕ್ಕಕ್ಕೆ ಹೋಗಿ ಕೂತಳು. ಕಾಳಕ್ಕ ಸ್ವಲ್ಪ ಸರಿದು ಜಾಗ ಬಿಟ್ಟಳು.

ಪುಟ್ಟಿ ಅತ್ತಳು. ಅಲ್ಲೇ ಕೂತು ಕುಡಿಸಿದೆ. ಯಾರೂ ಚಕ್ರ ನೋಡಲಿಲ್ಲ, ಆಕಾಶ ನೋಡಲಿಲ್ಲ. ತಮ್ಮ ಪಾಡಿಗೆ ಮಾತಾಡಿಕೊಂಡರು. ಎಷ್ಟು ದಿನವಾಗಿತ್ತು ಹಾಲು ಹಾಗೆ ಇಳಿದು.

ಜುಲೈ 1, ಸೋಮವಾರ

ಆಸಿಡ್ ರೂಮಿಗೆ ಹೊಸ ಬೀಗ. ಬೀಗದ ಕೈ ಮಾರುತಿಯ ಹತ್ತಿರ. ಫ್ರಿಜ್ಜಿಗೂ ಬೀಗ. “ಸಾರ್ ಹೇಳ್ಯಾರೆ ಮೇಡಂ… ನಂದೇನಿಲ್ರಿ.” ನನ್ನ ಮುಖ ನೋಡಲಿಲ್ಲ.

ನಾಗರಾಜಪ್ಪ: “ಆದದ್ದು ಆತು. ಇನ್ನೊಂದ್ ಸಲ ಆಗಬಾರ್ದು ಅಷ್ಟೇ. ನಿಮ್ ಒಳ್ಳೇದಕ್ಕೇ ಹೇಳೋದು. ಮನೇಲಿ ಕುಡಿಸಿ ಬರ್ರಿ, ಮನೇಗೆ ಹೋಗಿ ಕುಡಿಸ್ರಿ. ನಡುವೆ ಯಾಕೆ ಇದೆಲ್ಲ?”

ಒಂದು ಬಾಟಲಿಯ ತಪ್ಪಿಗೆ ಬಾಟಲಿಗೊಂದು ಜಾಗ ಮಾಡುವುದು ದಾರಿಯೋ, ಬಾಟಲಿಯನ್ನೇ ಇಲ್ಲವಾಗಿಸುವುದೋ? ಹಟ್ಟಿಯ ಹೆಂಗಸರನ್ನು ಕೇಳಿದ್ದರೆ ಒಂದು ಗಳಿಗೆಯಲ್ಲಿ ಹೇಳುತ್ತಿದ್ದರು.

ಸಂಜೆ ಎದೆ ಕಲ್ಲು. ಜ್ವರ. ಅತ್ತೆ ಬಿಸಿನೀರಿನ ಬಟ್ಟೆ ಒತ್ತುತ್ತ, “ಆ ನಾಗರಾಜಪ್ಪನ್ನ ಒಂದ್ ದಿನ ಹಸದಂಗೆ ಕಟ್ಟಿ, ಕರೆಯದೆ ಬಿಟ್ಟು ನೋಡ್ಬೇಕು,” ಎಂದರು. ಈ ಮನೆಗೆ ಬಂದ ಮೇಲೆ ಅತ್ತೆಯ ಮಾತಿಗೆ ಇಷ್ಟು ಜೋರಾಗಿ ನಕ್ಕಿದ್ದು ಇದೇ ಮೊದಲು. ನಕ್ಕರೆ ನೋವು.

ಜುಲೈ 2, ಮಂಗಳವಾರ. ಬೆಳಿಗ್ಗೆ 10.50

ಜ್ವರ ಇಳಿದಿದೆ. ನಾಗರಾಜಪ್ಪ ಟ್ಯಾಂಕರಿನ ಹತ್ತಿರ ಹೋದರು. ಈ ಇಡೀ ಡೇರಿಯಲ್ಲಿ ಒಳಗಿನಿಂದ ಚಿಲಕ ಇರುವುದು ಅವರ ಕ್ಯಾಬಿನ್ನಿಗೆ ಮಾತ್ರ. ಒಳಗೆ ಬಂದೆ. ಚಿಲಕ ಹಾಕಿದೆ. ಅವರ ಕುರ್ಚಿ. ಮೆತ್ತಗಿದೆ. ಫ್ಯಾನೂ ಇದೆ.

ಶುರುವಾಯಿತು ಬಡಿತ.

“ಯಾರಮ್ಮ ಒಳಗೆ?”

“ನಾನು ಸಾರ್, ಸುಮಾ. ಇಪ್ಪತ್ತು ನಿಮಿಷ.”

“ಇದು ನನ್ನ ಕ್ಯಾಬಿನ್ ಕಣಮ್ಮ!”

“ಗೊತ್ತು ಸಾರ್. ಅದಕ್ಕೇ ಚಿಲಕ ಐತೆ.”

ಮಾರುತಿಯ ದನಿ, ಇನ್ನಾರದೋ ನಗು, “ಸುಮ್ನಿರ್ರಿ” ಎಂಬ ಗದರಿಕೆ. ಮತ್ತೆ ಬಡಿತ.

“ಹೆಡ್ ಆಫೀಸಿಗೆ ಫೋನ್ ಮಾಡ್ತೀನಿ ನೋಡ್ರಿ. ಬಾಗ್ಲು ತೆಗೀತೀರೋ ಇಲ್ವೋ?”

“ಇಲ್ಲ ಸಾರ್,” ಎಂದೆ. ಕೂಗದೆಯೇ.

ಫೋನ್ ಮಾಡುತ್ತಿದ್ದಾರೆ. ಮಾಡಲಿ. ಸುಚಿತ್ರಾ ಅವರಿಗೂ ಪಿಡಿಎಫ್ ಕಳಿಸುತ್ತಾಳೆ. ಬಾಟಲಿ ಕಾಲುಭಾಗ ದಾಟಿತು. ಕೆಲಸ ಹೋದರೆ ಹೋಗಲಿ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ. ಕೆಲಸವೂ ನನಗೆ ಬೇಕು. ಇದೂ ಬೇಕು. ಎರಡೂ —