ಜೊತೆಗಾರ ಬೇಡವೆಂದ ದಿನೇಶಣ್ಣನಿಗೆ

ಪ್ರೀತಿಯ ದಿನೇಶಣ್ಣ,

ರಾಸ್ ಅಲ್ ಖೈರ್‌ನ ಈ ಕಂಪನಿ ರೂಮಿನಲ್ಲಿ ನಿಮ್ಮ ಮಂಚಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಅದರ ಮೇಲೆ ನಿಮ್ಮ ಲ್ಯಾಪ್‌ಟಾಪ್ ಇದೆ. ಉಳಿದ ಸಾಮಾನಿನ ಜೊತೆ ಅದನ್ನೂ ಕಳಿಸುತ್ತೇನೆಂದರೆ ಅತ್ತಿಗೆ ಫೋನಿನಲ್ಲಿ, "ಅದು ನಿಮ್ಮತ್ರವೇ ಇರ್ಲಿ, ಊರಿಗೆ ಬರುವಾಗ ತನ್ನಿ" ಎಂದರು. ನಾನು ಬರುವಾಗ! ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಕಾರ್ಡಿನ ಅವಧಿ ಮುಗಿದು, ಕಂಪನಿ ಅದನ್ನು ಹೊಸದು ಮಾಡದೆ ಕೂತಿರುವುದು ಅವರಿಗೆ ಹೇಗೆ ಗೊತ್ತಾಗಬೇಕು?

ನೀವು ಈ ಲ್ಯಾಪ್‌ಟಾಪಿನಲ್ಲಿ ಆ ಆಟ ಆಡುವುದನ್ನು ಮೊದಲ ಸಲ ಕಂಡಾಗ ನನಗೆ ತಲೆ ಕೆಟ್ಟುಹೋಗಿತ್ತು. ಮಾಟಗಾರರು, ದೈತ್ಯರು, ಕತ್ತಿ ಹಿಡಿದ ಒಬ್ಬ ವೀರ, ಅದೆಲ್ಲ ಸರಿ. ಆದರೆ ಅಂಗಡಿಯಲ್ಲಿ ಒಳ್ಳೆಯ ಕವಚ ಸಿಗುತ್ತದೆ, ನೀವು ಕೊಳ್ಳುವುದಿಲ್ಲ. ಗಾಯ ಮಾಯಿಸುವ ಔಷಧಿ ಚೀಲದಲ್ಲೇ ಇದೆ, ಕುಡಿಸುವುದಿಲ್ಲ. ಕೊಂಬು ಊದಿದರೆ ಬಿಲ್ಲುಗಾರನೊಬ್ಬ ಜೊತೆಗೆ ಓಡಿ ಬರುತ್ತಾನೆ, ಊದುವುದಿಲ್ಲ. ವೀರ ಒಮ್ಮೆ ಸತ್ತರೆ ಮುಗಿಯಿತು, ಅವನನ್ನು ಅಳಿಸಿ ಮೊದಲಿನಿಂದ ಶುರು. ಆಟ ಮಾಡಿದವರೂ ಇಡದ ಈ ನಿಯಮಗಳನ್ನೆಲ್ಲ ನೀವೇ ಹಾಕಿಕೊಂಡದ್ದು.

"ಎಂತ ದಿನೇಶಣ್ಣ, ಕಂಪನಿಯವರು ಕಟ್ಟಿಹಾಕಿದ್ದು ಸಾಕಾಗ್ಲಿಲ್ವಾ ನಿಮ್ಗೆ?" ಎಂದು ಕೇಳಿದ್ದೆ.

"ಅದು ಅವರು ಹಾಕಿದ್ದು ಮಾರಾಯ, ಇದು ನಾನು ಹಾಕಿದ್ದು. ಬೇಡ ಅಂತ ಕಂಡ್ರೆ ಈಗ್ಲೇ ಬಿಡ್ಬಹುದು" ಎಂದಿರಿ, ಪರದೆಯಿಂದ ಕಣ್ಣು ತೆಗೆಯದೆ. ಬಿಟ್ಟಿರಾ ಒಮ್ಮೆಯಾದರೂ? ಎಂಥ ಹಠಮಾರಿ ಮನುಷ್ಯ ನೀವು!

ಆ ಮಧ್ಯಾಹ್ನ ನಾನು ಪ್ಲಾಂಟಿನಲ್ಲಿದ್ದೆ. ನೈಟ್ ಶಿಫ್ಟ್ ಮುಗಿಸಿ ಬಂದ ನೀವು ರೂಮಿನಲ್ಲಿ ಒಬ್ಬರೇ ಇದ್ದಿರಿ. ಎದೆ ನೋವು ಬಂದಾಗ ಯಾರನ್ನಾದರೂ ಕರೆದಿರೋ, ಕರೆಯುವಷ್ಟಾದರೂ ಉಸಿರು... ನಾನು ಬಾಗಿಲು ತೆಗೆದಾಗ ಏಸಿ ಓಡುತ್ತಿತ್ತು, ನೀವು ತಣ್ಣಗಾಗಿದ್ದಿರಿ. ನಿಮ್ಮನ್ನು ಊರಿಗೆ ಕಳಿಸುವಾಗ ಜೊತೆಗೆ ಹೋಗುತ್ತೇನೆಂದು ಆಫೀಸಿನಲ್ಲಿ ಕಾಲು ಹಿಡಿಯುವುದೊಂದು ಬಾಕಿ. ದೇಶ ಬಿಡಲು ಬೇಕಾದ ಎಕ್ಸಿಟ್ ಕಾಗದ ಕೊಡಲಿಲ್ಲ. "ಬುಕ್ರಾ" ಎಂದರು, ಆ ನಾಳೆ ಇನ್ನೂ ಬಂದಿಲ್ಲ.

ಶುಕ್ರವಾರ ನಾವಿಬ್ಬರೂ ಜುಬೈಲ್ ಪೇಟೆಗೆ ಹೋಗಿ ಬಂಗುಡೆ ತರುತ್ತಿದ್ದೆವಲ್ಲ, ಅದೂ ನಿಂತಿದೆ. ಕ್ಯಾಂಪಿನ ಗೇಟು ದಾಟಿದರೆ ಪೊಲೀಸರು ಇಕಾಮಾ ಕೇಳಿಯಾರೆಂಬ ಭಯ. ಪ್ಲಾಂಟು, ಬಸ್ಸು, ರೂಮು, ಮತ್ತೆ ಪ್ಲಾಂಟು. ಉಸಿರು ಕಟ್ಟುತ್ತದೆ ದಿನೇಶಣ್ಣ.

ಕಳೆದ ಶುಕ್ರವಾರ ಬೇಸರ ತಡೆಯಲಾರದೆ ನಿಮ್ಮ ಆಟ ತೆರೆದೆ. ನೀವು ಕೊನೆಗೆ ಆಟ ನಿಲ್ಲಿಸಿದ ಜಾಗದಲ್ಲೇ ನಿಮ್ಮ ವೀರ ನಿಂತಿದ್ದ. ಗುಹೆಯೊಳಗೆ, ಮೈತುಂಬ ಗಾಯ. ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ದೈತ್ಯ ಕೂತಿದ್ದಾನೆ. ನಿಮ್ಮ ನಿಯಮದಂತೆ ಆಡಿದರೆ ನನ್ನ ಕೈಯಲ್ಲಿ ಅವನು ಉಳಿಯುವುದಿಲ್ಲ, ಸತ್ತರೆ ನಾನೇ ಅಳಿಸಬೇಕು. ನಿಮ್ಮನ್ನು ಕಳೆದುಕೊಂಡ ಮೇಲೆ ಅವನನ್ನೂ ಕಳೆದುಕೊಳ್ಳಲೇ?

ಆಮೇಲೆ ಮಾಡಿದ್ದಕ್ಕೆ ಬೈಯುವುದಾದರೆ ಬೈಯಿರಿ. ಔಷಧಿ ಮುಟ್ಟಲಿಲ್ಲ, ಕವಚ ಕೊಳ್ಳಲಿಲ್ಲ. ಕೊಂಬು ಮಾತ್ರ ಊದಿದೆ. ಯಾರೂ ಒಬ್ಬರೇ ಸಾಯಬಾರದು, ಆಟದಲ್ಲಾದರೂ.

ಬಿಲ್ಲುಗಾರ ಬಂದ, ದೈತ್ಯ ಬಿದ್ದ. ಇಬ್ಬರೂ ಹೊರಗೆ ಬಂದರು. ಎದುರಿಗೆ ಹಸಿರು ಬಯಲು, ಅದರಾಚೆ ಹೊಳೆ. ಮುಂದೆ ಹೋಗಲು ಕೈ ತುರಿಸುತ್ತಿತ್ತು, ನಿಲ್ಲಿಸಿಬಿಟ್ಟೆ. ನನ್ನ ಎಕ್ಸಿಟ್ ಕೈಗೆ ಬರುವ ತನಕ ಅವರನ್ನು ಒಂದು ಹೆಜ್ಜೆಯೂ ಮುಂದೆ ನಡೆಸುವುದಿಲ್ಲ. ಇದು ಆಫೀಸಿನವರು ಹಾಕಿದ ನಿಯಮವಲ್ಲ ದಿನೇಶಣ್ಣ, ನಾನೇ ಹಾಕಿಕೊಂಡದ್ದು.

ನಿಮ್ಮ ಎದುರು ಮಂಚದ
ಸಂತೋಷ