ಹದಿನೇಳನೇ ಸಾಲಿನ ಅಕ್ಕಿ ಉಂಡವರ ಪರವಾಗಿ

ಮಾನ್ಯ ಕೃಷಿ ಅಧಿಕಾರಿಗಳೇ,

ನನ್ನ ಅತ್ತಿಗೆ ಲಕ್ಕಿ ಏಳು ತಿಂಗಳ ಬಸುರಿ. ನಿಮ್ಮ ಇಲಾಖೆ ಕೊಟ್ಟ ಬೀಜದಿಂದ ಬೆಳೆದ ಅಕ್ಕಿಯನ್ನು ಅವಳು ಉಂಡಿದ್ದಾಳೆ. ಅದರಿಂದ ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆಗುತ್ತದೆಯೇ ಇಲ್ಲವೇ ಎಂದು ಕೇಳಿ ನಾನು ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಸೇರಿಸಿ ಒಂದು ಉತ್ತರ ಬಂತು. "ಸದರಿ ಪ್ರಯೋಗವು ಬೆಳೆಗಾರನ ನಿರ್ಲಕ್ಷ್ಯದಿಂದ ವಿಫಲವಾಗಿದ್ದು, ಕಡತವನ್ನು ಮುಕ್ತಾಯಗೊಳಿಸಲಾಗಿದೆ." ಕೂಸಿನ ಸುದ್ದಿ ಅದರಲ್ಲಿ ಇರಲಿಲ್ಲ. ನಿಮ್ಮ ಕಚೇರಿಯಲ್ಲಿ ಪತ್ರ ಓದುವವರು ಬೇರೆ, ಉತ್ತರ ಬರೆಯುವವರು ಬೇರೆ ಇರಬೇಕು. ಆದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಯಾರಾದರೂ ಓದಿ ನಿಮಗೆ ಹೇಳಬಹುದು.

ನಾನು ಕುಮಟೆ ತಾಲೂಕಿನ ಕಾಗಾಲದವನು. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟೆ. ಆಮೇಲೆ ಭಟ್ಕಳದಲ್ಲಿ ಬಟ್ಟೆ ಅಂಗಡಿ, ಹೊನ್ನಾವರದಲ್ಲಿ ಮಚವೆ ದೋಣಿಯ ಕೆಲಸ, ಎಲ್ಲಿಯೂ ಆರು ತಿಂಗಳು ನಿಲ್ಲಲಿಲ್ಲ. ನಿಂತದ್ದು ನಿಮ್ಮ ಪ್ರಯೋಗದ ಗದ್ದೆಯಲ್ಲಿ ಮಾತ್ರ. ನಮ್ಮದು ಗಜನಿ ಭೂಮಿ, ಹೊಳೆಯ ಉಪ್ಪುನೀರು ಹೊಗುವ ಗದ್ದೆ. ಅಲ್ಲಿ ಕಗ್ಗ ಎಂಬ ಭತ್ತವೊಂದೇ ಬದುಕುತ್ತದೆ. ಅದಕ್ಕೂ ಕಷ್ಟ ಇದೆ. ಕಾಳು ಗಟ್ಟಿಯಾಗುವ ಮೊದಲೇ ಮಳೆ ನಿಂತರೆ ನೀರು ಉಪ್ಪಾಗಿ, ಅರ್ಧ ತೆನೆ ಜೊಳ್ಳಾಗುತ್ತದೆ. ಒಂದು ತಿಂಗಳು ಮುಂಚೆ ಹಣ್ಣಾಗುವ ಕಗ್ಗ ಸಿಕ್ಕರೆ ಊರೇ ಉಳಿಯುತ್ತದೆ ಎಂದು ಹೇಳಿದವರು ನೀವೇ, ಅಂದರೆ ನಿಮ್ಮ ಗ್ರಾಮಸೇವಕ ನಾಗಪತಿಯವರು. ಅವರು ನಮ್ಮ ಮನೆಯ ಬೀಜವನ್ನೇ ಒಯ್ದರು. ಮುಂಬಯಿಯಲ್ಲಿ ಅದಕ್ಕೆ ಅಣುವಿನ ಕಿರಣ ಹಾಯಿಸಿ, ಅಲ್ಲೇ ಒಮ್ಮೆ ಬೆಳೆದು, ಎರಡು ವರ್ಷದ ಮೇಲೆ ನಂಬರು ಹಾಕಿದ ಸಣ್ಣ ಸಣ್ಣ ಚೀಲಗಳಲ್ಲಿ ಮರಳಿ ತಂದರು. ಒಂದೊಂದು ಚೀಲಕ್ಕೆ ಒಂದೊಂದು ಸಾಲು ಹಾಕಿಸಿ, ನನಗೆ ಒಂದು ವಹಿ ಕೊಟ್ಟರು. ಮೊಳಕೆ ಎಂದು ಬಂತು, ಹೂವು ಎಂದು ಬಂತು, ಬರೆಯುತ್ತಾ ಹೋಗು ಎಂದರು. ಬರೆದೆ. ನಾಲ್ಕು ತಿಂಗಳು ಒಂದು ದಿನ ತಪ್ಪಲಿಲ್ಲ.

ಹದಿನೇಳನೇ ಸಾಲು ಉಳಿದವಕ್ಕಿಂತ ಇಪ್ಪತ್ತಾರು ದಿನ ಮುಂಚೆ ಹಣ್ಣಾಯಿತು. ಸುತ್ತಲೂ ಹಸಿರು, ನಡುವೆ ಒಂದೇ ಸಾಲು ಕೆಂಪು. ನಾಗಪತಿಯವರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಅವರ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ನಾನು ನಿಮಗೇ ಕಾರ್ಡು ಬರೆದೆ, ಬನ್ನಿ ಎಂದು. ಹತ್ತು ದಿನ ಕಾದು ಇನ್ನೊಂದು ಬರೆದೆ. ಕಾಳು ಉದುರಲು ಶುರುವಾದಾಗ ತಂತಿ ಕಳಿಸೋಣವೆಂದು ಕುಮಟೆಗೆ ನಡೆದೆ.

ಅದು ಹೊಸ್ತಿನ ದಿನ. ನೀವು ಬೇರೆ ಸೀಮೆಯವರಾದರೆ ಹೇಳುತ್ತೇನೆ. ನಮ್ಮಲ್ಲಿ ಮೊದಲು ಹಣ್ಣಾದ ಕದಿರನ್ನು ಕೊಯ್ದು, ದೇವರ ಮುಂದೆ ಇಟ್ಟು, ಬಾಗಿಲ ಮೇಲೆ ಕಟ್ಟಿ, ಒಂದಷ್ಟು ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಗಜನಿಯ ಕಗ್ಗ ಹೊಸ್ತಿಗೆ ಎಂದೂ ಹಣ್ಣಾಗಿದ್ದಿಲ್ಲ. ಪ್ರತಿ ವರ್ಷ ನಮ್ಮ ಹೆಂಗಸರು ಸಂತೆಗುಳಿಯ ಕಡೆ ಹೋಗಿ ಬೇರೆಯವರ ಗದ್ದೆಯ ಕದಿರು ಬೇಡಿ ತರುತ್ತಿದ್ದರು. ನಾನು ತಂತಿ ಕೊಟ್ಟು ಬರುವಷ್ಟರಲ್ಲಿ ಹದಿನೇಳನೇ ಸಾಲಿನಲ್ಲಿ ಕೂಳೆ ಮಾತ್ರ ಉಳಿದಿತ್ತು. ಕೇರಿಯ ಒಂಬತ್ತು ಮನೆಗಳ ಬಾಗಿಲ ಮೇಲೆ ಒಂದೊಂದು ಕಟ್ಟು ಕದಿರು.

"ಅವ್ವಿ, ಅದು ಸರ್ಕಾರದ್ದು," ಎಂದೆ.

"ಸರ್ಕಾರ ದೇವ್ರಿಗಿಂತ ಮುಂಚೆ ಉಣ್ತದನಾ?" ಎಂದಳು ಅವ್ವಿ. "ನಮ್ಮ ಗದ್ದೆ ಕದ್ರು ನಮ್ಮ ಬಾಗ್ಲಿಗೆ ಬಂದದ್ದು ನಾ ಕಂಡಾಗಿಂದ ಇದೇ ಮೊದ್ಲು. ನೀ ಎಂತಕ್ಕೆ ಮುಖ ಗಂಟ್ ಹಾಕ್ತೆ ತಮಾ? ಕೈಕಾಲ್ ತೊಳ್ಕಂಡು ಬಾ, ಉಣ್ಣು."

ನೆರೆಮನೆಯ ಮಂಜಿ ಚಿಕ್ಕಿ ನಗುತ್ತಿದ್ದಳು. "ನೀ ದಿನಾ ವಹಿ ಹಿಡ್ಕಂಡು ಅದ್ರ ಮುಂದೆ ಕೂತದ್ದು ನೋಡಿ, ಗದ್ದೆಗೇ ನಾಚ್ಕೆಯಾಗಿ ಬೇಗ ಹಣ್ಣಾತು ಮಾರಾಯಾ!"

ನಾನೂ ಉಂಡೆ. ಬಸುರಿಗೆಂದು ಲಕ್ಕಿಗೆ ಎರಡು ಸಲ ಬಡಿಸಿದರು.

ಹನ್ನೊಂದು ದಿನ ಕಳೆದು ತಾವು ಜೀಪಿನಲ್ಲಿ ಬಂದಿರಿ. ಕೂಳೆ ನೋಡಿದಿರಿ. ಬಾಗಿಲ ಮೇಲಿನ ಕದಿರು ತೋರಿಸುತ್ತೇನೆ, ಒಂಬತ್ತೇ ಮನೆ, ನಡೆಯಿರಿ ಎಂದೆ. "ತೋರಣ ನೋಡುವುದಕ್ಕೆ ನಾನು ಬಂದಿಲ್ಲ," ಎಂದಿರಿ. ವಹಿಯನ್ನು ತೆರೆಯಲಿಲ್ಲ. ನೀವು ಹುಡುಕುತ್ತಿದ್ದ ಭತ್ತ, ನಮ್ಮ ಬಾಗಿಲಲ್ಲೇ ನಿಂತಿದ್ದ ನಿಮ್ಮ ತಲೆಯಿಂದ ಎರಡು ಗೇಣು ಮೇಲೆ ತೂಗುತ್ತಿತ್ತು. ಕತ್ತೆತ್ತುವುದು ನಿಯಮದಲ್ಲಿ ಇಲ್ಲವೇನೋ. ಇದಕ್ಕೆ ನನ್ನ ನಿರ್ಲಕ್ಷ್ಯ ಎಂದು ಹೆಸರಿಟ್ಟಿರಿ. ಇರಲಿ. ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆದರೆ ಹೊರಡುವಾಗ ನಿಮ್ಮ ಡ್ರೈವರು ಹೆಂಗಸರ ಕಡೆ ತಿರುಗಿ ಹೇಳಿದ: "ಅಣುಬಾಂಬಿನ ಅಕ್ಕಿ ಉಂಡ್ರಾ? ಆತು ಬಿಡಿ, ಇನ್ನು ಹುಟ್ಟೂ ಮಕ್ಕಳಿಗೆ ಎಷ್ಟ್ ಕೈಯೋ ಎಷ್ಟ್ ಕಾಲೋ!" ತಾವು ಪಕ್ಕದಲ್ಲೇ ಕೂತಿದ್ದಿರಿ. ನಕ್ಕಿರಿ. ಜೀಪು ಹೋಯಿತು.

ನಗೆ ಇಲ್ಲೇ ಉಳಿಯಿತು. ಲಕ್ಕಿ ಅಂದಿನಿಂದ ಅನ್ನದ ತಟ್ಟೆಯನ್ನು ಅರ್ಧಕ್ಕೇ ಸರಿಸಿಬಿಡುತ್ತಾಳೆ. ಕೂಸು ಒದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತಾಳೆ. ಏನು ಎಣಿಸುತ್ತಾಳೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇಲ್ಲ. ಅಣ್ಣ ಅವಳ ಎದುರು ಕೂರುವುದನ್ನು ಬಿಟ್ಟಿದ್ದಾನೆ. ಕಟ್ಟಿದ ಕದಿರನ್ನು ಒಂದೊಂದೇ ಮನೆಯವರು ಹೊಳೆಗೆ ಬಿಟ್ಟರು. ಮಂಜಿ ಚಿಕ್ಕಿಯೂ ಬಿಟ್ಟಳು. ನಮ್ಮ ಬಾಗಿಲಿನದು ಮಾತ್ರ ಉಳಿದಿದೆ.

ನಾನು ಲಕ್ಕಿಗೆ ತಿಳಿದಷ್ಟು ಹೇಳಿದೆ. ಕಿರಣ ಹಾಯ್ದದ್ದು ಎರಡು ಬೆಳೆಯ ಹಿಂದಿನ ಬೀಜಕ್ಕೆ. ಬಿಸಿಲಿನ ಹಾಗೆ ಹಾಯ್ದು ಹೋಗುತ್ತದೆ, ಒಳಗೆ ಏನೂ ಕೂತಿರುವುದಿಲ್ಲ ಎಂದು ನಾಗಪತಿಯವರು ಹೇಳಿದ್ದರು. ನಾವು ಉಂಡ ಕಾಳು ಆ ಕಿರಣವನ್ನು ಕಂಡೇ ಇಲ್ಲ. ನಾವೆಲ್ಲರೂ ಉಂಡಿದ್ದೇವೆ, ಯಾರಿಗೆ ಏನಾಗಿದೆ?

"ನೀವೆಲ್ಲ ಸಮಾ ಗೊತ್ತಿಲ್ದೆ ಉಂಡದ್ದು, ನಾನೂ ಗೊತ್ತಿಲ್ದೆ ಉಂಡದ್ದು," ಎಂದಳು ಲಕ್ಕಿ. "ಓದಿ ಗೊತ್ತಿದ್ದವ್ರು ಯಾರಾರೂ ಉಂಡಿದ್ರಾ, ಹೇಳು."

ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಮಾನ್ಯರೇ, ನಿಮ್ಮಲ್ಲಿ ಉತ್ತರ ಇದೆಯೇ? ಅಣುವನ್ನು ಹೊಲಕ್ಕೆ ತರುವಷ್ಟು ಓದಿದವರಿಗೆ ಅದರಿಂದ ಭಯವಿಲ್ಲ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯುವುದು ಅಷ್ಟು ಕಷ್ಟವೇ? ಅಥವಾ ಬರೆಯದಿರುವುದಕ್ಕೆ ಕಾರಣ ಉಂಟೇ? ಎರಡನೆಯದು ನಿಜವಾದರೆ ಅದನ್ನಾದರೂ ಬರೆಯಬೇಕಿತ್ತು.

ಈಗ ಸಾಲು ಬರೆದರೂ ಸಾಲದು. ಕಾಗದವನ್ನು ಲಕ್ಕಿ ಓದಲಾರಳು, ನಾನು ಓದಿದರೆ ನಂಬಲಾರಳು. ನಮ್ಮ ಬಾಗಿಲ ಮೇಲಿನ ಕದಿರನ್ನು ಬರುವ ಮಳೆಗೆ ಬಿತ್ತಬೇಕೆಂದು ಇಟ್ಟುಕೊಂಡಿದ್ದೆ. ಬೇಗ ಹಣ್ಣಾಗುವ ಕಗ್ಗ ಈ ಭೂಮಿಯ ಮೇಲೆ ಉಳಿದಿರುವುದು ಅಷ್ಟೇ. ಸುಲಿದರೆ ಒಬ್ಬರಿಗೆ ಒಂದು ತುತ್ತು. ಅದನ್ನು ಇಳಿಸಿ, ಬೇಯಿಸುತ್ತೇನೆ. ತಾವು ಲಕ್ಕಿಯ ಹೆರಿಗೆಗೆ ಮುಂಚೆ ಬಂದು, ಜಗಲಿಯ ಮೇಲೆ ಅವಳ ಎದುರು ಕೂತು, ಅದನ್ನು ಉಣ್ಣಬೇಕು. ಮಾತು ಬೇಡ. ಡ್ರೈವರನ್ನೂ ಕರೆತನ್ನಿ, ಅವನು ನೋಡಲಿ.

ಇಂತಿ,
ಬಿತ್ತಲು ಇನ್ನು ಬೀಜವಿಲ್ಲದ, ತಮ್ಮ ನಿರ್ಲಕ್ಷ್ಯದ ಬೆಳೆಗಾರ
ಹೊನ್ನ, ಕಾಗಾಲ
ಡಿಸೆಂಬರ್ ೧೯೬೭